ಜೂನ್ ಬಂತು, ಮೀನು ಲಾರಿ ಬಿಚ್ಚುವ ಕಾಲ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಒಟ್ಟು 61 ದಿನ. ಬೈತಖೋಲ ಬಂದರಿನಲ್ಲಿ ಬೋಟು ನಿಂತರೆ ನಮ್ಮ ಮೀನು ಗಾಡಿಗಳೂ ನಿಂತ ಹಾಗೆಯೇ. ಬಾಡಿಗೆ ಇಲ್ಲ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಹಾಗಾಗಿ ಕಾರವಾರದ ಕಡೆ ಸ್ವಂತ ಗಾಡಿ ಓಡಿಸುವ ನನ್ನಂಥವರು ಈ ಎರಡು ತಿಂಗಳು ಸ್ಟಿಯರಿಂಗ್ ಬಿಟ್ಟು ಪಾನಾ ಹಿಡಿಯುತ್ತೇವೆ. ಮನೆ ಪಕ್ಕ ತಗಡು ಹೊದಿಸಿದ ಶೆಡ್ ಇದೆ. ಅದರಡಿ ನನ್ನ ಹಳೇ ಟಾಟಾ 407 ಲಾರಿ.

ಮೀನು ಗಾಡಿಯ ಕಾಯಿಲೆಯೆಲ್ಲ ಉಪ್ಪಿನದು. ಐಸ್ ಕರಗಿದ ನೀರು, ಮೀನಿನ ಲೋಳೆ, ಉಪ್ಪು ಎಲ್ಲ ಸೇರಿ ಹಲಗೆ ಸಂದಿಯಿಂದ ಚಾಸಿಗೆ ಇಳಿಯುತ್ತದೆ. ರಸ್ತೆಗೆ ಬಿದ್ದ ನೀರಿಗೆ ಬೈಕಿನವರು ನಮ್ಮನ್ನು ಬೈಯುತ್ತಾರೆ, ಅದು ನ್ಯಾಯವೇ. ಚಾಸಿಗೆ ಬಿದ್ದ ನೀರಿಗೆ ಬೈಯುವವರು ಯಾರೂ ಇಲ್ಲ, ಅದೇ ತೊಂದರೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತುಕ್ಕಿನ ಕೆಲಸ ನಿಂತಿರುವುದಿಲ್ಲ.

ರಿಪೇರಿ ಅಂದರೆ ಹಳೆಯದು ಬಿಚ್ಚಿ ಹೊಸದು ಹಾಕುವುದು ಅಂತ ಜನ ಅಂದುಕೊಂಡಿದ್ದಾರೆ. ನನ್ನ ಶೆಡ್ಡಿನಲ್ಲಿ ಜಾಸ್ತಿ ಹೊತ್ತು ಹೋಗುವುದು ತೊಳೆಯುವುದಕ್ಕೆ. ತೊಳೆದ ಮೇಲೆಯೇ ಯಾವುದು ಉಳಿಯುತ್ತದೆ, ಯಾವುದು ಗುಜರಿಗೆ ಅಂತ ಗೊತ್ತಾಗುವುದು.

ಆದರೆ ನೀರು ಹಾಕುವ ಮೊದಲು ಕೊಳೆಯನ್ನೇ ಒಮ್ಮೆ ಚೆನ್ನಾಗಿ ನೋಡಬೇಕು. ಎಲ್ಲಿ ಧೂಳು ಒದ್ದೆಯಾಗಿ ಅಂಟಿದೆಯೋ ಅಲ್ಲಿ ಲೀಕ್ ಇದೆ. ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದ್ದರೆ ಬೆರಳಿಗೆ ಹಚ್ಚಿ ನೋಡುತ್ತೇನೆ. ಕಪ್ಪಗೆ, ದಪ್ಪಗೆ, ಮೂಗಿಗೆ ಹೊಡೆಯುವ ವಾಸನೆ ಇದ್ದರೆ ಹಿಂದಿನ ಆಕ್ಸಲ್ಲಿನ ಗೇರುಗಳ ಡಿಫರೆನ್ಶಿಯಲ್ ಆಯಿಲ್, ಅಂದರೆ ಆಯಿಲ್ ಸೀಲ್ ಹೋಗಿದೆ. ತೆಳ್ಳಗಿದ್ದು, ನೀರಿಗೆ ಸಲೀಸಾಗಿ ತೊಳೆದು ಹೋಗಿ, ಸುತ್ತಲಿನ ಬಣ್ಣ ಎದ್ದಿದ್ದರೆ ಬ್ರೇಕ್ ಆಯಿಲ್, ಅಂದರೆ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆ. ಮೊದಲೇ ಪ್ರೆಶರ್ ವಾಷ್ ಹೊಡೆಸಿ ತಂದರೆ ಈ ಸಾಕ್ಷಿಯೆಲ್ಲ ಚರಂಡಿಗೆ ಹೋಗಿರುತ್ತದೆ.

ಜಾಕಿಯ ಮಾತು ಒಂದೇ ಸಾಲಿನಲ್ಲಿ: ಎತ್ತಿದ ಗಾಡಿಯ ಅಡಿಗೆ ಚಿರೆಕಲ್ಲು ಇಡಬೇಡಿ, ಭಾರಕ್ಕೆ ಅದು ಒಮ್ಮೆಲೇ ಒಡೆಯುತ್ತದೆ, ದಪ್ಪ ಮರದ ದಿಮ್ಮಿ ಇಡಿ.

ತೊಳೆಯುವ ನೀರೂ ಲೆಕ್ಕಕ್ಕೆ ಬರುತ್ತದೆ. ಕಡಲ ಹತ್ತಿರದ ಎಷ್ಟೋ ಬಾವಿಗಳಲ್ಲಿ ಬೇಸಿಗೆ ಕೊನೆಗೆ ನೀರು ಸವಳಾಗುತ್ತದೆ. ಉಪ್ಪು ತೊಳೆಯಲು ಉಪ್ಪುನೀರು ಹಾಕಿ ಏನು ಬಂತು? ಜೂನ್‌ನಲ್ಲಿ ಆ ಚಿಂತೆ ಇಲ್ಲ. ಮಾಡಿನ ಅಂಚಿಗೆ ಸೀಳಿದ ಪೈಪ್ ಕಟ್ಟಿ ಡ್ರಮ್ ಇಟ್ಟರೆ ಒಂದು ಜೋರು ಮಳೆಗೆ ತುಂಬುತ್ತದೆ. ಆ ನೀರಿಗೆ ಸೋಪಿನ ಪುಡಿಯೂ ಚೆನ್ನಾಗಿ ನೊರೆ ಕಟ್ಟುತ್ತದೆ.

ಗ್ರೀಸ್ ಬಿಡಿಸಲು ಹಿಂದೆ ಸೀಮೆಎಣ್ಣೆ ಇತ್ತು. ಈಗ ಅದು ಸುಲಭಕ್ಕೆ ಸಿಗುವುದಿಲ್ಲ, ಡೀಸೆಲ್ಲೇ ಗತಿ. ಪೆಟ್ರೋಲ್ ಬೇಗ ತೊಳೆಯುತ್ತದೆ ನಿಜ. ಆದರೆ ಅದರ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿಕೊಂಡಿರುತ್ತದೆ. ಶೆಡ್ಡಿನ ಮೂಲೆಯಲ್ಲಿ ಯಾರೋ ಗ್ರೈಂಡರ್ ಹಾಕಿದರೂ ಸಾಕು. ನನ್ನ ಶೆಡ್ಡಿನೊಳಗೆ ಪೆಟ್ರೋಲ್ ಬರುವುದೇ ಇಲ್ಲ.

ಮುಂದಿನ ಚಕ್ರದ ಹಬ್ ಬಿಚ್ಚಿದಾಗ ತೊಳೆಯುವುದರ ಬೆಲೆ ಗೊತ್ತಾಗುತ್ತದೆ. ಬೇರಿಂಗಿನ ಹಳೇ ಗ್ರೀಸನ್ನು ಬನಿಯನ್ ವೇಸ್ಟಿನಿಂದ ಒರೆಸಿ, ಡೀಸೆಲ್ಲಿನಲ್ಲಿ ಅದ್ದಿ, ಹಳೇ ಟೂತ್‌ಬ್ರಷ್ಷಿನಿಂದ ರೋಲರ್ ಸಂದಿಯೆಲ್ಲ ಉಜ್ಜುತ್ತೇನೆ. ಕಂಪ್ರೆಸರ್ ಗಾಳಿ ಹೊಡೆದು ಬೇರಿಂಗನ್ನು ಗಿರ್ ಅಂತ ತಿರುಗಿಸುವ ಚಟ ಕೆಲವರಿಗಿದೆ. ಎಣ್ಣೆಯಿಲ್ಲದೆ ಆ ವೇಗಕ್ಕೆ ತಿರುಗಿದರೆ ಒಳ್ಳೇ ಬೇರಿಂಗೂ ಹಾಳು. ರೋಲರ್‌ಗಳನ್ನು ಹಿಡಿದಿಡುವ ಕೇಜ್ ಒಡೆದು ರೋಲರ್ ಹಾರಿದರೆ ಕಣ್ಣಿಗೂ ಅಪಾಯ. ಸುಮ್ನೆ ಒಣಗಲು ಬಿಟ್ಟು ಬೆಳಕಿಗೆ ಹಿಡಿಯಬೇಕು. ರೋಲರ್ ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಸುಟ್ಟಿದೆ ಅಂತ ಅರ್ಥ. ಔಟರ್, ಅಂದರೆ ಬೇರಿಂಗಿನ ಹೊರಬಳೆಯ ಒಳಮೈಯಲ್ಲಿ ರೋಲರ್‌ಗಳಷ್ಟೇ ಅಂತರದಲ್ಲಿ ಕರೀ ಗೆರೆ ಕಂಡರೆ, ನೀರು ಒಳಗೆ ಹೋಗಿ ಗಾಡಿ ನಿಂತಲ್ಲೇ ನಿಂತಿತ್ತು ಅಂತ ಅರ್ಥ. ನಮ್ಮ ಕಡೆ ಈ ಗೆರೆಯೇ ಜಾಸ್ತಿ.

ಜೊತೆಗೆ ಕೆಲಸ ಮಾಡುವ ಹುಡುಗ ಹೋದ ಮಳೆಗಾಲದಲ್ಲಿ ಅಂಥದ್ದೊಂದು ಔಟರ್ ಹಿಡಿದು, "ಅಣ್ಣಾ, ಇದು ಇನ್ನೂ ಒಂದು ಸೀಸನ್ ಆರಾಮ ಓಡ್ತದೆ" ಅಂದ. "ಉಗುರು ಎಳೆದು ನೋಡೋ" ಅಂದೆ. ಗೆರೆಯ ಮೇಲೆ ಉಗುರು ತಡೆಯಿತು. ಉಗುರು ತಡೆದರೆ ಮುಗಿಯಿತು, ವಾದವಿಲ್ಲ. ಇನ್ನರ್, ಔಟರ್ ಎರಡೂ ಸೆಟ್ಟಾಗಿಯೇ ಬದಲಾಗಬೇಕು. ಒಂದು ಹೊಸದು ಒಂದು ಹಳೆಯದು ಹಾಕಿದರೆ ಹೊಸದೂ ಬೇಗ ಹೋಗುತ್ತದೆ.

ಕಣ್ಣಿಗೆ ಕಾಣದ ಬಿರುಕಿಗೆ ಹಳೇ ಉಪಾಯ ಒಂದಿದೆ. 19ನೇ ಶತಮಾನದ ಕೊನೆಯಿಂದಲೇ ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ಬಳಸಿದ್ದು. ಪಾರ್ಟನ್ನು ಪೂರ್ತಿ ತೊಳೆದು ತೆಳ್ಳನೆ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡುವುದು. ಆಮೇಲೆ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬಳಿಯುವುದು. ಸ್ಪಿರಿಟ್ ಆರಿ ಬೆಳ್ಳಗಾಗುತ್ತದೆ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಸುಣ್ಣಕ್ಕೆ ಏರಿ, ಕೂದಲೆಳೆಯಂಥ ಕರೀ ಗೆರೆ ತಾನಾಗಿ ಮೂಡುತ್ತದೆ. ಕಮಾನ್ ಪಾಟಾವನ್ನು ಚಾಸಿಗೆ ಹಿಡಿದಿಡುವ ಶಾಕಲ್, ಬ್ರಾಕೆಟ್‌ಗಳಿಗೆ ನಾನು ಇದನ್ನೇ ಮಾಡುತ್ತೇನೆ. ಖರ್ಚು ಏನೂ ಇಲ್ಲ. ಆದರೆ ಅರೆಬರೆ ತೊಳೆದ ಪಾರ್ಟಿಗೆ ಇದು ನಡೆಯುವುದಿಲ್ಲ, ಬಿರುಕಿನ ಬಾಯಲ್ಲೇ ಕೊಳೆ ಕೂತಿರುತ್ತದೆ.

ಬ್ರೇಕಿನ ವಿಷಯಕ್ಕೆ ಬಂದರೆ ಡೀಸೆಲ್ ಡಬ್ಬಿ ದೂರ ಇಡಬೇಕು. ವೀಲ್ ಸಿಲಿಂಡರಿನ ರಬ್ಬರ್ ಕಪ್‌ಗೆ ಡೀಸೆಲ್ ತಾಗಿದರೆ ಅದು ಉಬ್ಬಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಸ್ಪಿರಿಟ್ ಇಲ್ಲವೇ ಹೊಸ ಬ್ರೇಕ್ ಆಯಿಲ್ ಮಾತ್ರ. ಬ್ರೇಕ್ ಡ್ರಮ್ಮಿನ ಒಳಗಿನ ಧೂಳಿಗೆ ಗಾಳಿ ಹೊಡೆಯುವುದೂ ಬೇಡ. ಹಳೇ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಸೋಪು ನೀರಲ್ಲಿ ಒದ್ದೆ ಮಾಡಿ ಒರೆಸಿ. ಬ್ರೇಕ್ ಆಯಿಲ್ ಕೂಡ ವರ್ಷ ವರ್ಷ ಬದಲಿಸುತ್ತೇನೆ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳಬೇಕೇ? ಡಾಟ್ 3 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಸೇರಿದ ಮೇಲೆ 140 ಡಿಗ್ರಿ ಆಸುಪಾಸಿಗೇ ಕುದಿಯಬಹುದು. ಹುಬ್ಬಳ್ಳಿಯಿಂದ ಲೋಡ್ ಹೊತ್ತು ವಾಪಸ್ ಬರುವಾಗ ಅರಬೈಲ್ ಘಾಟಿ ಇಳಿಯುತ್ತಾ ಪೆಡಲ್ ಮೆತ್ತಗಾದರೆ ಕಾರಣ ಇದೇ ಇರಬಹುದು.

ತುಕ್ಕಿಗೆ ಹಿತ್ತಲ ಬಿಂಬುಳಿಯೇ ಸಾಕು. ಅದರಲ್ಲಿ ಆಕ್ಸಾಲಿಕ್ ಆಮ್ಲ ಇದೆ. ಜಜ್ಜಿದ ಕಾಯಿಯ ರಸದಲ್ಲಿ ನಟ್ಟು, ಬೋಲ್ಟು, ಕ್ಲಾಂಪು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಬ್ರಷ್ಷಿಗೆ ತುಕ್ಕು ಬಿಡುತ್ತದೆ. ಬೇರಿಂಗ್ ಮತ್ತು ಸ್ಪ್ರಿಂಗನ್ನು ಮಾತ್ರ ಹುಳಿಗೆ ಹಾಕಬಾರದು. ಬೇರಿಂಗಿನ ನುಣುಪು ಹೋಗುತ್ತದೆ, ಗಡಸು ಸ್ಪ್ರಿಂಗ್ ಪೆಡಸಾಗಿ ಮುರಿಯುತ್ತದೆ. ದೊಡ್ಡ ಪಾರ್ಟಿಗೆ ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್. ಚಾರ್ಜರಿನ ಮೈನಸ್ ಆ ನೀರಲ್ಲಿ ಮುಳುಗಿಸಿದ ನಮ್ಮ ಪಾರ್ಟಿಗೆ, ಪ್ಲಸ್ ಅದರಲ್ಲೇ ಇಟ್ಟ ಒಂದು ಕಬ್ಬಿಣದ ತುಂಡಿಗೆ. ಆ ತುಂಡು ಸ್ಟೀಲ್ ಪಾತ್ರೆಯದ್ದಾದರೆ ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ, ಹುಷಾರು. ಅಲ್ಯುಮಿನಿಯಂ ಪಾರ್ಟನ್ನೂ ಆ ನೀರಿಗೆ ಹಾಕಬೇಡಿ, ಸೋಡಾ ಅದನ್ನು ತಿನ್ನುತ್ತದೆ. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಹತ್ತಿರ ಬೀಡಿ ಸೇದುವವರನ್ನು ಅಂಗಳಕ್ಕೆ ಕಳಿಸಿ. ಆಷಾಢದಲ್ಲಿ ಕರೆಂಟ್ ಇದ್ದರೆ ಈ ಮಾತೆಲ್ಲ, ಅಲ್ವಾ?

ತೊಳೆದು ಬಿಳಿಯಾದ ಕಬ್ಬಿಣ ನಮ್ಮ ಗಾಳಿಗೆ ಚಹಾ ಕುಡಿದು ಬರುವಷ್ಟರಲ್ಲಿ ಕೆಂಪಾಗಿರುತ್ತದೆ. ಅದಕ್ಕೆ ಕೊನೆಯ ನೀರು ಬಿಸಿ ಬಿಸಿ ಇರಲಿ. ಬಿಸಿಯಾದ ಪಾರ್ಟ್ ತಾನೇ ಆರುತ್ತದೆ, ಆರಿದ ಕೂಡಲೇ ಎಣ್ಣೆ ಹಚ್ಚಿ ಪೇಪರಿನಲ್ಲಿ ಸುತ್ತಿಡಿ.

ಡೀಸೆಲ್ ಪಂಪು, ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಝಲ್ ನಾನು ಮುಟ್ಟುವುದಿಲ್ಲ. ಅಲ್ಲಿನ ಸಂದು ಮನೆಯಲ್ಲಿ ಅಳೆಯುವಂಥದ್ದಲ್ಲ, ಒಂದು ವೈರ್ ಬ್ರಷ್ ತಾಗಿದರೂ ನಾಝಲ್ ಕೆಡುತ್ತದೆ. ಅವು ಹುಬ್ಬಳ್ಳಿಯ ಪಂಪ್ ಅಂಗಡಿಗೆ ಹೋಗುತ್ತವೆ. ಬ್ರೇಕ್ ಡ್ರಮ್ ಕಡೆಯುವುದು ಲೇತಿನವರಿಗೆ.

ತೊಳೆದ ಡೀಸೆಲ್ಲನ್ನು ಡಬ್ಬಿಯಲ್ಲಿ ಎರಡು ದಿನ ಇಟ್ಟರೆ ಕೆಸರು ತಳ ಸೇರುತ್ತದೆ, ಮೇಲಿನದ್ದು ಮತ್ತೆ ಕೆಲಸಕ್ಕೆ ಬರುತ್ತದೆ. ಕೆಸರನ್ನು ತೆಂಗಿನ ಬುಡಕ್ಕೆ ಸುರಿಯುವವರಿದ್ದಾರೆ. ಬಾವಿ ಅಲ್ಲೇ ಪಕ್ಕದಲ್ಲಿ ಇರುತ್ತದೆ ಅನ್ನುವುದು ಅವರಿಗೆ ನೆನಪಿರುವುದಿಲ್ಲ. ನಾನು ಹಳೇ ಎಂಜಿನ್ ಆಯಿಲ್ ಒಯ್ಯುವವರಿಗೇ ಅದನ್ನೂ ಕೊಡುತ್ತೇನೆ.

ಗುಜರಿಗೆ ಹೋಗುವ ಬೇರಿಂಗನ್ನು ಇದ್ದ ಹಾಗೆ ಕೊಡುವುದಿಲ್ಲ. ತೊಳೆದು ಪಾಲಿಷ್ ಮಾಡಿದ ಹಳೇ ಬೇರಿಂಗ್ ಹೊಸ ಡಬ್ಬಿಯಲ್ಲಿ ಕೂತು ವಾಪಸ್ ಬರಬಾರದಲ್ಲ. ಔಟರ್ ಮೈಗೆ ಗ್ರೈಂಡರಿನಿಂದ ಒಂದು ಗೀರು, ಕೇಜಿಗೆ ಸುತ್ತಿಗೆಯ ಒಂದು ಏಟು. ಗುಜರಿಯವನು ತೂಕಕ್ಕೆ ತಾನೇ ಕೊಳ್ಳುವುದು, ಅವನಿಗೇನೂ ನಷ್ಟವಿಲ್ಲ.