ಮಾತು ಮುಗಿಯುವವರೆಗೆ

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಸಲಹೆಗಳ ಕೊರತೆ ಎಂದೂ ಇರುವುದಿಲ್ಲ. ನೋಡಲು ಬಂದವರು ಒಂದು ಔಷಧ ಸೂಚಿಸುತ್ತಾರೆ, ಒಬ್ಬ ವೈದ್ಯರ ಹೆಸರು ಹೇಳುತ್ತಾರೆ, ಇದಕ್ಕಿಂತ ಹೆಚ್ಚು ಕಷ್ಟಪಟ್ಟ ಯಾರದೋ ಕಥೆ ಹೇಳಿ ಧೈರ್ಯ ತುಂಬುತ್ತಾರೆ. ಅವರೆಲ್ಲರ ಉದ್ದೇಶವೂ ಒಳ್ಳೆಯದೇ. ಆದರೆ ರಾತ್ರಿಯೆಲ್ಲ ಎಚ್ಚರವಾಗಿದ್ದವರಿಗೆ ಆ ರಾತ್ರಿ ಹೇಗೆ ಕಳೆಯಿತೆಂಬುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸುವ ಅವಕಾಶ ತಿಂಗಳುಗಟ್ಟಲೆ ಸಿಗದೆ ಹೋಗುತ್ತದೆ. ತಾಯಿಯ ದೀರ್ಘ ಕಾಯಿಲೆಯ ದಿನಗಳಲ್ಲಿ ನಾನೂ ಇಂಥವರಲ್ಲಿ ಒಬ್ಬಳಾಗಿದ್ದೆ. ಆ ಕಾಲದಲ್ಲಿ, ನಮ್ಮಂಥವರೇ ಹತ್ತು ಹನ್ನೆರಡು ಮಂದಿ ಸೇರಿ ಇಡೀ ಒಂದು ದಿನ ಪರಸ್ಪರರ ಮಾತಿಗೆ ಕಿವಿಗೊಡುವ ಕೂಟವೊಂದರಲ್ಲಿ ಭಾಗವಹಿಸಿದೆ. ಅಲ್ಲಿ ನಡೆದುದರಲ್ಲಿ ಒಂದು ಭಾಗವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ಇಲ್ಲಿ ಬರೆಯುತ್ತಿದ್ದೇನೆ.

ಕೂಟವನ್ನು ನಡೆಸಿಕೊಟ್ಟವರು ಆಪ್ತಸಮಾಲೋಚನೆಯಲ್ಲಿ ದೀರ್ಘ ಅನುಭವವಿದ್ದ ಮಹಿಳೆ. ಅವರು ನಮ್ಮೊಂದಿಗೆ ವೃತ್ತದಲ್ಲೇ, ನಮ್ಮಂಥದೇ ಕುರ್ಚಿಯಲ್ಲಿ ಕುಳಿತರು. ಮೊಬೈಲುಗಳನ್ನು ಹೊರಗಿನ ಕೋಣೆಯಲ್ಲಿ ಇರಿಸಲಾಯಿತು. ಮನೆಯಿಂದ ಯಾವ ಕ್ಷಣದಲ್ಲಾದರೂ ತುರ್ತು ಕರೆ ಬರಬಹುದೆಂಬ ಆತಂಕ ನಮ್ಮಲ್ಲಿ ಬಹುತೇಕರಿಗೆ ಇದ್ದುದರಿಂದ, ಅವುಗಳ ಪಕ್ಕದಲ್ಲಿ ಸ್ವಯಂಸೇವಕರೊಬ್ಬರು ಕುಳಿತು ಕರೆಗಳನ್ನು ಗಮನಿಸುವ ಏರ್ಪಾಡಾಗಿತ್ತು. ಇದು ಸಣ್ಣ ಸಂಗತಿಯೆಂದು ತೋರಬಹುದು; ನನಗೆ ಹಾಗೆನಿಸಲಿಲ್ಲ. ಮನಸ್ಸಿನ ಅರ್ಧಭಾಗವನ್ನು ರೋಗಿಯ ಮಗ್ಗುಲಲ್ಲೇ ಬಿಟ್ಟುಬಂದವರಿಗೆ ಇಲ್ಲಿ ಪೂರ್ಣವಾಗಿ ಇರಿ ಎಂದು ಬೋಧಿಸುವುದಕ್ಕಿಂತ, ಆ ಅರ್ಧಭಾಗದ ಹೊಣೆಯನ್ನು ಕೆಲವು ತಾಸು ಬೇರೊಬ್ಬರು ವಹಿಸಿಕೊಳ್ಳುವುದೇ ನಿಜವಾದ ಉಪಕಾರ.

ನಿಯಮಗಳು ಹೆಚ್ಚೇನೂ ಇರಲಿಲ್ಲ. ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಬೇಕು, ಅವರು ನಿಲ್ಲಿಸಿದ ಮೇಲೂ ಎರಡು ಮೂರು ಉಸಿರಿನಷ್ಟು ಹೊತ್ತು ಎಲ್ಲರೂ ಸುಮ್ಮನಿರಬೇಕು, ಮಾತನಾಡಲು ಇಷ್ಟವಿಲ್ಲದವರು ತಮ್ಮ ಸರದಿಯನ್ನು ಕಾರಣ ಹೇಳದೆ ಬಿಟ್ಟುಕೊಡಬಹುದು, ಇಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು. ಇವನ್ನು ಪಾಲಿಸುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವಾದದ್ದು ಕೊನೆಯ ಎರಡು: ಸಲಹೆ ಕೊಡಬಾರದು, ಮತ್ತು ನನಗೂ ಹೀಗೇ ಆಗಿತ್ತು ಎಂದು ತನ್ನ ಅನುಭವವನ್ನು ಇನ್ನೊಬ್ಬರ ಅನುಭವದ ಪಕ್ಕದಲ್ಲಿ ತಂದಿಡಬಾರದು.

ಇದು ಏಕೆ ಇಷ್ಟು ಕಠಿಣವೆಂಬುದಕ್ಕೆ ಕೂಟದ ನಿರ್ವಾಹಕಿ ಕೊಟ್ಟ ವಿವರಣೆ ನನ್ನ ನೆನಪಿನಲ್ಲಿ ಉಳಿದಿದೆ. ಬೇರೆ ಬೇರೆ ಬಗೆಯ ಸಮಾಜಗಳ 10 ಭಾಷೆಗಳ ಸಂಭಾಷಣೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವುದರ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿದೆಯೆಂದು ಕಂಡುಬಂತು. ಆದರೆ ಒಂದೇ ಒಂದು ಪದವನ್ನು ಮನಸ್ಸಿನಲ್ಲಿ ಹುಡುಕಿ, ಅದಕ್ಕೆ ಧ್ವನಿರೂಪ ಕೊಟ್ಟು ಹೊರಡಿಸಲು ಸುಮಾರು 600 ಮಿಲಿಸೆಕೆಂಡು ಬೇಕು. ಅಂದರೆ ಎದುರಿನವರ ವಾಕ್ಯ ಇನ್ನೂ ದಾರಿಯಲ್ಲಿರುವಾಗಲೇ ನಮ್ಮೊಳಗೆ ಉತ್ತರದ ತಯಾರಿ ಶುರುವಾಗಿರುತ್ತದೆ. ಇದು ಯಾರ ಸ್ವಭಾವದೋಷವೂ ಅಲ್ಲ. ಸಂಭಾಷಣೆ ಸಲೀಸಾಗಿ ಸಾಗುವುದೇ ಹೀಗೆ. ಆದ್ದರಿಂದಲೇ, ಒಬ್ಬರ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಯೋ ಅಲ್ಲಿಯವರೆಗೆ ಅವರ ಜೊತೆಗಿರಬೇಕಾದರೆ ಬರಿಯ ಒಳ್ಳೆಯತನ ಸಾಲದು, ಅಭ್ಯಾಸ ಬೇಕು. ಏಳುತ್ತಿರುವ ಉತ್ತರವನ್ನು ಗುರುತಿಸಿ, ಅದನ್ನು ಹತ್ತಿಕ್ಕಲು ಹೋಗದೆ, ಮತ್ತೆ ಎದುರಿನವರ ಮುಖದತ್ತ, ಧ್ವನಿಯತ್ತ ಗಮನವನ್ನು ತರುವುದೇ ಆ ಅಭ್ಯಾಸ.

ಮೊದಲ ಸುತ್ತಿನಲ್ಲಿ ಮಾತುಗಳು ಚಿಕ್ಕದಾಗಿಯೇ ಇದ್ದವು. ಪತ್ನಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ತಮ್ಮ ಸರದಿ ಬಂದಾಗ ಬಾಯಿ ತೆರೆದು, ಏನನ್ನೂ ಹೇಳಲಾಗದೆ ಅಳತೊಡಗಿದರು. ಪಕ್ಕದಲ್ಲಿದ್ದವರ ಕೈ ಕರವಸ್ತ್ರಕ್ಕೆ ಹೋಯಿತು. ನಿರ್ವಾಹಕಿ ಕಣ್ಣಿನಲ್ಲೇ ತಡೆದರು. ಕೇಳದೆ ಕೊಟ್ಟ ಕರವಸ್ತ್ರವನ್ನು ಅಳುವವರು ಇನ್ನು ಸಾಕು ಎಂಬ ಸೂಚನೆಯೆಂದು ತಿಳಿಯುವ ಸಾಧ್ಯತೆ ಇದೆಯೆಂದು ಅವರು ಆಮೇಲೆ ವಿವರಿಸಿದರು. ಕರವಸ್ತ್ರಗಳು ವೃತ್ತದ ನಡುವೆ, ಕೈಗೆಟುಕುವಂತೆ ಇದ್ದವು; ತೆಗೆದುಕೊಳ್ಳುವುದು ಅವರ ಆಯ್ಕೆಯಾಗಿರಬೇಕಿತ್ತು. ಆ ಕೆಲವು ನಿಮಿಷ ಯಾರೂ ಅಲುಗಲಿಲ್ಲ, ಯಾರೂ ನೋಟ ತಿರುಗಿಸಲೂ ಇಲ್ಲ. ಅವರು ಅತ್ತು ಮುಗಿಸಿ, ತಾವಾಗಿಯೇ ಮುಖ ಒರೆಸಿಕೊಂಡು, ಆಕೆಗೆ ಈಗ ನನ್ನ ಹೆಸರು ನೆನಪಾಗುವುದಿಲ್ಲ ಎಂದಷ್ಟೇ ಹೇಳಿ ತಲೆ ಎತ್ತಿ ಎಲ್ಲರನ್ನೂ ನೋಡಿದರು. ನಾವು ಮೊದಲೇ ಸಂತೈಸಿದ್ದರೆ ಆ ವಾಕ್ಯ ಹೊರಬರುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ಮಧ್ಯಾಹ್ನದ ಬಳಿಕ ಮೂವರ ಗುಂಪುಗಳಾದವು: ಒಬ್ಬರು ಮಾತನಾಡುವವರು, ಒಬ್ಬರು ಕೇಳುವವರು, ಮೂರನೆಯವರು ಸಮಯ ನೋಡಿಕೊಂಡು ಮೌನವಾಗಿ ಜೊತೆಗಿರುವವರು. ಕೂಟಕ್ಕೆ ಒಬ್ಬ ಅಣ್ಣ ಮತ್ತು ಅವನ ತಂಗಿ ಒಟ್ಟಿಗೆ ಬಂದಿದ್ದರು. ತಂದೆಯ ಜೊತೆ ಇರುವವಳು ತಂಗಿ. ಖರ್ಚಿನ ಬಹುಭಾಗವನ್ನು ಹೊರುತ್ತಿದ್ದವನು ಬೇರೆ ಊರಿನಲ್ಲಿದ್ದ ಅಣ್ಣ. ಸಾಮಾನ್ಯವಾಗಿ ಒಂದೇ ಮನೆಯವರನ್ನು ಬೇರೆ ಬೇರೆ ಗುಂಪಿಗೆ ಹಾಕುತ್ತಾರೆ. ಇವರು ತಾವಿಬ್ಬರೂ ಒಟ್ಟಿಗೇ ಕೂರುತ್ತೇವೆಂದು ಕೇಳಿಕೊಂಡರು. ನಿರ್ವಾಹಕಿ ಇಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಿ ಒಪ್ಪಿದರು. ಮೂರನೆಯ ಸ್ಥಾನ ನನ್ನ ಪಾಲಿಗೆ ಬಂತು.

ತಂಗಿ ಮೊದಲು ಮಾತನಾಡಿದಳು. ತಂದೆ ರಾತ್ರಿ ಎಷ್ಟೆಷ್ಟು ಹೊತ್ತಿಗೆ ಏಳುತ್ತಾರೆ, ಎದ್ದಾಗ ಏನು ಕೇಳುತ್ತಾರೆ, ತಾನು ಯಾವ ಸದ್ದಿಗೆ ಎಚ್ಚರಗೊಳ್ಳುತ್ತೇನೆ, ಎಚ್ಚರವಾದ ಮೇಲೆ ಮತ್ತೆ ನಿದ್ದೆ ಬರುವವರೆಗೆ ಏನನ್ನು ಲೆಕ್ಕ ಹಾಕುತ್ತಾ ಮಲಗಿರುತ್ತೇನೆ ಎಂಬುದನ್ನೆಲ್ಲ ಅವಸರವಿಲ್ಲದೆ ಹೇಳಿದಳು. ಅದರಲ್ಲಿ ದೂರು ಇರಲಿಲ್ಲ. ಅಥವಾ ಇದ್ದರೂ ಅದು ಅಣ್ಣನ ಮೇಲಿನದಾಗಿರಲಿಲ್ಲ. ಆದರೂ ಅವನ ದವಡೆ ಬಿಗಿಯುವುದು, ಕೈ ಮಂಡಿಯ ಮೇಲೆ ಮುಷ್ಟಿಯಾಗುವುದು ನನಗೆ ಕಾಣುತ್ತಿತ್ತು. ನೋವಿನ ವಿವರವೊಂದನ್ನು ಆಪ್ತರ ಬಾಯಿಂದ ಕೇಳಿದಾಗ ಅದು ನಮಗೆ ಆರೋಪವಾಗಿಯೇ ತಲುಪುತ್ತದೆ. ಅಪರಿಚಿತರ ಕಥೆಗೆ ಸುಲಭವಾಗಿ ಕೊಡುವ ಗಮನವನ್ನು ಮನೆಯವರಿಗೆ ಕೊಡಲಾಗದಿರುವುದಕ್ಕೆ ಪ್ರೀತಿಯ ಕೊರತೆ ಕಾರಣವಲ್ಲ. ಆ ಕಥೆಯಲ್ಲಿ ನಾವೂ ಒಂದು ಪಾತ್ರವಾಗಿರುವುದೇ ಕಾರಣ.

ಅವಳ ಸಮಯ ಮುಗಿದಾಗ ಅಣ್ಣ ಉತ್ತರಿಸುವಂತಿರಲಿಲ್ಲ. ಕೇಳಿದ್ದನ್ನು ಮೊದಲು ತನ್ನ ಮಾತಿನಲ್ಲಿ ಮರಳಿ ಹೇಳಬೇಕು, ಅದು ಸರಿಯಿದೆಯೆಂದು ಹೇಳಿದವರು ಒಪ್ಪಿದ ಮೇಲೆಯೇ ತನ್ನ ಪರವಾದ ಮಾತು ಆಡಬಹುದು. ಈ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲೇ ಸೂಚಿಸಿದ್ದರು. ಗಂಡ ಹೆಂಡತಿಯ ನಡುವೆ, ಗೆಳೆಯರ ನಡುವೆ ಅಥವಾ ಸಣ್ಣ ಗುಂಪಿನಲ್ಲಿ ವಾಗ್ವಾದ ನಡೆಯುವಾಗ ಇದನ್ನು ಪ್ರಯೋಗಿಸಿ ನೋಡಬೇಕೆಂಬುದು ಅವರ ಸಲಹೆಯಾಗಿತ್ತು. ಕೇಳಲು ಸರಳವಾದರೂ ಆಚರಿಸಲು ಇದು ಬಹಳ ಕಷ್ಟವೆಂದೂ, ಇನ್ನೊಬ್ಬರ ನೋಟದಿಂದ ಜಗತ್ತನ್ನು ನೋಡಿದರೆ ನಾವೇ ಬದಲಾಗಿಬಿಡುವ ಅಪಾಯವಿರುವುದರಿಂದ ಜನ ಅದಕ್ಕೆ ಅಂಜುತ್ತಾರೆಂದೂ ಅವರು ಗುರುತಿಸಿದ್ದರು.

ಅಣ್ಣ ಆರಂಭಿಸಿದ: ನಿನಗೆ ತುಂಬ ಆಯಾಸವಾಗಿದೆ, ರಾತ್ರಿಗೆ ಒಬ್ಬ ಸಹಾಯಕರು ಬೇಕು ಎನ್ನುತ್ತಿದ್ದೀಯ. ತಂಗಿ ಸ್ವಲ್ಪ ಯೋಚಿಸಿ, ಇಲ್ಲ, ಆಯಾಸದ ಮಾತನ್ನು ನಾನು ಆಡಲಿಲ್ಲ ಎಂದಳು. ಅವನು ಮತ್ತೊಮ್ಮೆ ಪ್ರಯತ್ನಿಸಿದ. ನಿದ್ದೆಯ ಬಗ್ಗೆ, ಸಮಯದ ಬಗ್ಗೆ, ತಂದೆಯ ಹಠದ ಬಗ್ಗೆ ಹೇಳಿದ. ಅವಳು ಕೋಪಗೊಳ್ಳದೆ, ಅದೆಲ್ಲ ಹೌದು, ಆದರೆ ಅದಲ್ಲ ಎಂದಳು. ಮೂರನೆಯ ಬಾರಿಗೆ ಅವನು ತಕ್ಷಣ ಮಾತನಾಡಲಿಲ್ಲ. ಆ ಹೊತ್ತಿನಲ್ಲಿ ಅವನ ಮುಷ್ಟಿ ಸಡಿಲವಾಯಿತು. ಪರಿಹಾರವನ್ನು ಹುಡುಕುತ್ತಿದ್ದ ಮುಖ ಆಕೆಯನ್ನು ಹುಡುಕುವ ಮುಖವಾಯಿತು. ಅಪ್ಪ ಏಳುವ ಸದ್ದಿಗಲ್ಲ, ಸದ್ದು ಬಾರದ ರಾತ್ರಿಗಳಲ್ಲಿ ನಿನಗೆ ಎಚ್ಚರವಾಗುತ್ತದೆ, ಅವರು ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನೋಡಲು ಒಬ್ಬಳೇ ಎದ್ದು ಹೋಗಬೇಕಲ್ಲ ಎಂದು ಹೆದರುತ್ತೀಯ ಎಂದ. ಹೌದು ಎಂದಳು ತಂಗಿ. ಈ ಮಾತನ್ನು ಅವಳು ನೇರವಾಗಿ ಹೇಳಿರಲಿಲ್ಲ. ಆದರೆ ಅವಳ ವಿವರಗಳನ್ನೆಲ್ಲ ಒಟ್ಟಾಗಿ ಹಿಡಿದರೆ ಅಲ್ಲಿ ಇದ್ದುದು ಅದೇ.

ಅವನ ಸರದಿಯೂ ಬಂತು. ದೂರದಲ್ಲಿರುವವನಿಗೆ ಫೋನಿನ ಗಂಟೆಯೇ ಭಯವಾಗುತ್ತದೆಂದು, ಹಣ ಕಳಿಸಿದ ಕೂಡಲೇ ಮನಸ್ಸು ಹಗುರವಾಗುವ ಬದಲು ಇನ್ನಷ್ಟು ಭಾರವಾಗುತ್ತದೆಂದು ಅವನು ಹೇಳಿದ. ತಂಗಿ ಮೊದಲ ಬಾರಿಗೇ ಅದನ್ನು ಸರಿಯಾಗಿ ಮರಳಿ ಹೇಳಿದಳು. ಅವಳಿಗೆ ಅದು ಮೊದಲೇ ತಿಳಿದಿತ್ತೇನೋ.

ಇಷ್ಟೂ ಹೊತ್ತು ಮೂರನೆಯವಳಾಗಿ ಕುಳಿತ ನನ್ನ ಸ್ಥಿತಿಯನ್ನೂ ಹೇಳಬೇಕು. ಆ ಹುಡುಗಿ ಉಸಿರನ್ನು ನೋಡಲು ಎದ್ದು ಹೋಗುವುದನ್ನು ಕೇಳುತ್ತಿದ್ದಂತೆ ನನ್ನ ತಾಯಿಯ ಕೋಣೆಯ ಬಾಗಿಲು ಕಣ್ಣೆದುರು ಬಂತು, ಎದೆ ಬಿಗಿಯಿತು. ಇನ್ನೊಬ್ಬರ ನೋವು ನಮ್ಮೊಳಗೆ ನಮ್ಮದೇ ನೋವಾಗಿ ತುಂಬಿಕೊಂಡಾಗ ನಾವು ಅವರನ್ನು ಬಿಟ್ಟು ನಮ್ಮನ್ನೇ ನೋಡಿಕೊಳ್ಳತೊಡಗುತ್ತೇವೆ. ತಾನ್ಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಮೊದಲಾದ ನರವಿಜ್ಞಾನಿಗಳು ಇಂಥ ಸಂಕಟ ಮತ್ತು ಕರುಣೆ ಎರಡನ್ನೂ ಪ್ರಯೋಗದಲ್ಲೇ ಬೇರ್ಪಡಿಸಿ ತೋರಿಸಿದ್ದಾರೆ: ಇನ್ನೊಬ್ಬರ ಸಂಕಟವನ್ನು ಹಾಗೆಯೇ ಅನುಭವಿಸುವ ತರಬೇತಿಯಿಂದ ಸಂಕಟದ ಭಾವನೆಯೇ ಹೆಚ್ಚಿತು, ಆ ಬಳಿಕ ಅವರ ಒಳಿತನ್ನು ಹಾರೈಸುವ ಕರುಣೆಯ ತರಬೇತಿ ಕೊಟ್ಟಾಗ ಸಂಕಟ ತಗ್ಗಿ ಆದರದ ಭಾವನೆ ಬೆಳೆಯಿತು. ನಾನು ಪಾದಗಳು ನೆಲಕ್ಕೆ ತಾಗಿರುವುದನ್ನು ಗಮನಿಸಿದೆ, ಉಸಿರನ್ನು ದೀರ್ಘಗೊಳಿಸಿದೆ, ಇವಳಿಗೆ ಒಳಿತಾಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಗ ನನ್ನ ತಾಯಿಯ ಕೋಣೆ ಹಿಂದೆ ಸರಿದು ಅವಳ ಮುಖ ಮತ್ತೆ ಕಂಡಿತು.

ಸಿಂಗರ್ ಅವರ ನೇತೃತ್ವದಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯು ನಡೆಸಿದ 9 ತಿಂಗಳ ತರಬೇತಿ ಯೋಜನೆಯಲ್ಲೂ ಜೋಡಿಯಾಗಿ ಮಾಡುವ ಇಂಥದೇ ಅಭ್ಯಾಸವಿತ್ತು. ದಿನಕ್ಕೆ ಸುಮಾರು 10 ನಿಮಿಷ ಇಬ್ಬರು ಸರದಿಯಂತೆ ಮಾತನಾಡುವುದು, ಕೇಳುವವರು ಯಾವ ಪ್ರತಿಕ್ರಿಯೆಯನ್ನೂ ಕೊಡದೆ ಕೇಳುವುದು. ಜೊತೆಗಾರರ ನಡುವಿನ ಆಪ್ತತೆ ಇದರಿಂದ ಹೆಚ್ಚಿತೆಂದು 2017ರ ವರದಿ ಹೇಳುತ್ತದೆ. ನನಗೆ ಇನ್ನೂ ಮುಖ್ಯವೆನಿಸಿದ್ದು ಅದೇ ಯೋಜನೆಯ ಇನ್ನೊಂದು ಫಲಿತಾಂಶ: ಉಸಿರು ಮತ್ತು ದೇಹದ ಮೇಲೆ ಏಕಾಂತದಲ್ಲಿ ಗಮನವಿಡುವ ಅಭ್ಯಾಸವೊಂದರಿಂದಲೇ ಒತ್ತಡದ ಕ್ಷಣದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಏರಿಕೆ ತಗ್ಗಲಿಲ್ಲ, ಜೊತೆಗಾರರೊಂದಿಗಿನ ಅಭ್ಯಾಸವಿದ್ದ ತರಬೇತಿಗಳಿಂದ ತಗ್ಗಿತು. ಒಂಟಿಯಾಗಿ ಕುಳಿತು ಮನಸ್ಸನ್ನು ಶಾಂತಗೊಳಿಸಿಕೊಳ್ಳುವುದು ಬೆಲೆಯುಳ್ಳದ್ದೇ. ಆದರೆ ಇನ್ನೊಬ್ಬರೆದುರು ಇರುವುದನ್ನು ಇನ್ನೊಬ್ಬರೆದುರೇ ಕಲಿಯಬೇಕು.

ದಿನದ ಕೊನೆಯ ಸುತ್ತಿನಲ್ಲಿ ಒಂದು ಆಕ್ಷೇಪ ಬಂತು, ಅದು ಬರಬೇಕಾದದ್ದೇ ಆಗಿತ್ತು. ನಮ್ಮಲ್ಲಿ ನಿವೃತ್ತ ದಾದಿಯೊಬ್ಬರಿದ್ದರು. ಇಲ್ಲಿ ಕೇಳಿದ ಎಷ್ಟೋ ತೊಂದರೆಗಳಿಗೆ ನನಗೆ ಉತ್ತರ ಗೊತ್ತಿದೆ, ಬೆಳಗಿನಿಂದ ಬಾಯಿ ಮುಚ್ಚಿ ಕುಳಿತಿದ್ದೇನೆ, ಇದೂ ಕರುಣೆಯೇ ಎಂದು ಅವರು ನೇರವಾಗಿ ಕೇಳಿದರು. ನಿರ್ವಾಹಕಿ ನಿಯಮವನ್ನು ಸಮರ್ಥಿಸಿಕೊಳ್ಳಲಿಲ್ಲ. ಮೊದಲು, ತಾನೇ ಹೇಳಿಕೊಟ್ಟಂತೆ, ಆಕ್ಷೇಪವನ್ನು ದಾದಿಗೆ ಒಪ್ಪಿಗೆಯಾಗುವಂತೆ ಮರಳಿ ಹೇಳಿದರು. ಆಮೇಲೆ ಉಳಿದವರ ಅಭಿಪ್ರಾಯ ಕೇಳಿದರು. ಕೇಳಿದವರಿಗೆ ಮಾತ್ರ, ಕೇಳಿದ ವಿಷಯಕ್ಕೆ ಮಾತ್ರ ಮಾಹಿತಿ ಕೊಡುವ ಒಂದು ಗಂಟೆಯನ್ನು ಪ್ರತ್ಯೇಕವಾಗಿ ಇಡಬೇಕೆಂದು ತೀರ್ಮಾನವಾಯಿತು. ನನಗೂ ಅದೇ ಸರಿಯೆನಿಸಿತು. ಬೆನ್ನು ನೋವಿನಿಂದ ನರಳುವವರ ಮಾತನ್ನು ಎಷ್ಟು ಚೆನ್ನಾಗಿ ಕೇಳಿದರೂ, ರೋಗಿಯನ್ನು ಎತ್ತುವ ಸರಿಯಾದ ವಿಧಾನವನ್ನು ತೋರಿಸದೆ ಕಳಿಸಿದರೆ ನಾವು ಕೇಳಿದ್ದು ಪೂರ್ತಿಯಾಗುವುದಿಲ್ಲ.

ಮೊದಲು ಪ್ರಶ್ನೆ ಕೇಳಿದವಳು ಆ ತಂಗಿಯೇ. ಚರ್ಮಕ್ಕೆ ಹುಣ್ಣಾಗದಂತೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದಿದ್ದಾರೆ, ಒಬ್ಬಳೇ ಹೇಗೆ ಮಾಡಲಿ ಎಂದಳು. ತೋರಿಸಲೇ ಎಂದು ದಾದಿ ಕೇಳಿದರು. ಅಣ್ಣ ತಾನಾಗಿಯೇ ಚಾಪೆಯ ಮೇಲೆ ಮಲಗಿದ. ರೋಗಿಯ ಆಚೆ ಬದಿಯ ಮಂಡಿಯನ್ನು ಮಡಿಸಿ, ಒಂದು ಕೈಯನ್ನು ಭುಜದ ಮೇಲೂ ಇನ್ನೊಂದನ್ನು ಸೊಂಟದ ಮೇಲೂ ಇಟ್ಟು, ತನ್ನ ಬೆನ್ನನ್ನು ಬಗ್ಗಿಸದೆ ನಿಧಾನವಾಗಿ ತನ್ನತ್ತ ಹೊರಳಿಸುವುದನ್ನು ಅವರು ತೋರಿಸಿದರು. ಮುಟ್ಟುವ ಮೊದಲು ಏನು ಮಾಡುತ್ತೇನೆಂದು ರೋಗಿಗೆ ಹೇಳಬೇಕೆಂದರು. ತಂಗಿ ಮಾಡಿದ ಮೇಲೆ ಅಣ್ಣ ಎದ್ದು, ನನಗೂ ಕಲಿಸಿ ಎಂದ.

ಮುಂದಿನ ಕೂಟಕ್ಕೆ ಅವರಿಬ್ಬರಲ್ಲಿ ಒಬ್ಬರು ಮಾತ್ರ ಬಂದರು. ತಂದೆಯ ಬಳಿ ಅಣ್ಣ ಇದ್ದುದರಿಂದ ಬಂದವಳು ತಂಗಿ. ರಾತ್ರಿಯ ಸರದಿ ಇನ್ನೂ ಸರಿಯಾಗಿ ಹೊಂದಿಕೆಯಾಗಿಲ್ಲ, ಹಣದ ವಿಷಯದಲ್ಲಿ ಹಳೆಯ ಭಿನ್ನಾಭಿಪ್ರಾಯ ಹಾಗೆಯೇ ಇದೆ, ಆದರೆ ಈಗ ಜಗಳಕ್ಕೆ ಮೊದಲು ಒಬ್ಬರ ಮಾತನ್ನು ಇನ್ನೊಬ್ಬರು ಮರಳಿ ಹೇಳುತ್ತೇವೆ ಎಂದು ಅವಳು ವೃತ್ತದಲ್ಲಿ ಹೇಳಿದಳು.