ಕೆ ಒತ್ತಿದರೆ ಲಾಮೆದ್
ಹೀಬ್ರೂ ಕಲಿಯಲು ಶುರು ಮಾಡಿ ಎರಡು ತಿಂಗಳಾಯಿತು. ಇವತ್ತು ಮೊದಲ ಸಲ ವರ್ಡ್‌ನಲ್ಲಿ ‘ಶಾಲೋಮ್’ ಟೈಪ್ ಮಾಡಿದೆ. ಕನ್ನಡದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಕೆ ಒತ್ತಿದರೆ ಕ, ಬೆರಳಿಗೆ ಅದೇ ರೂಢಿ. ಹೀಬ್ರೂ ಕೀಲಿಮಣೆಯಲ್ಲಿ ಕೆ ಒತ್ತಿದರೆ ಲಾಮೆದ್, ಅಂದರೆ ‘ಲ’ ಅಕ್ಷರ! ಎ, ಕೆ, ಯು, ಓ ಒತ್ತಿದೆ. ಬಲದಿಂದ ಎಡಕ್ಕೆ ಪದ ಮೂಡಿತು. ಪೂರ್ಣವಿರಾಮ ಮಾತ್ರ ಪದದ ಶುರುವಿಗೇ ಹೋಗಿ ಕೂತಿತ್ತು. ಬಲಗಡೆಯ ಕಂಟ್ರೋಲ್, ಶಿಫ್ಟ್ ಒಟ್ಟಿಗೆ ಒತ್ತಿ ಪ್ಯಾರಾದ ದಿಕ್ಕು ತಿರುಗಿಸಿದ ಮೇಲೆ ಸರಿಹೋಯಿತು.

ಮನಸ್ಸಲ್ಲಿ ಉಳಿದದ್ದು ಕೊನೆಯ ಅಕ್ಷರ. ಹೀಬ್ರೂವಿನ 22 ಅಕ್ಷರಗಳಲ್ಲಿ 5ಕ್ಕೆ ಪದದ ಕೊನೆಯಲ್ಲಿ ಬೇರೆ ರೂಪ, ಬೇರೆ ಕೀಲಿ. ಶಾಲೋಮ್‌ನ ಕೊನೆಯಲ್ಲಿರುವ ‘ಮ’ಕಾರದ ಹೆಸರು ಮೆಮ್. ಪದದ ನಡುವೆ ಬರುವ ಮೆಮ್ ಕೆಳಗೆ ಸ್ವಲ್ಪ ತೆರೆದಿರುತ್ತದೆ. ಕೊನೆಯದು ನಾಲ್ಕೂ ಕಡೆ ಮುಚ್ಚಿದ ಚೌಕ. ಪದ ಇಲ್ಲಿಗೆ ಮುಗಿಯುತ್ತದೆ ಅಂತ ಕೀಲಿ ಒತ್ತುವ ಮೊದಲೇ ಗೊತ್ತಿರಬೇಕು. ಪ್ರತ್ಯಯ ಸೇರಿಸುತ್ತಲೇ ಹೋಗುವ ನಮ್ಮ ಕನ್ನಡದಲ್ಲಿ ನಾನು ಹಾಗೆ ಯೋಚಿಸಿದ್ದೇ ಇಲ್ಲ.