ಶೆಡ್ಡಿನಲ್ಲಿದ್ದ ಆಟ್ಕೋ, ಅದರ ಮೇಲೆ ಕೂತಿದ್ದ ಎಂಜಿನ್

ಹಳೇ ಹುಲ್ಲು ಕತ್ತರಿಸುವ ಮಷೀನು ಯಾವ ಕಾಲದ್ದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಎಂಜಿನ್ ನೋಡುವುದಿಲ್ಲ. ಎಲ್ಲರ ಕಣ್ಣು ಹೋಗುವುದು ಮಾತ್ರ ಅಲ್ಲಿಗೇ. ಹೆಸರು, ನಂಬರು ಎಲ್ಲ ಎದ್ದು ಕಾಣುವುದು ಅದರ ಮೇಲೆ ತಾನೇ? ಆದರೆ ಈ ಮಷೀನುಗಳಲ್ಲಿ ಮೊದಲು ಬದಲಾಗುವುದೇ ಎಂಜಿನ್. ಕೆಳಗಿನ ಎರಕದ ಚೌಕಟ್ಟು, ರೋಲರ್, ಪಕ್ಕದ ತಟ್ಟೆಗಳು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹಾಗೇ ಬರುತ್ತವೆ. ಅದಕ್ಕೇ ಮಷೀನಿನ ವಯಸ್ಸು ಬೇರೆ, ಎಂಜಿನ್ ವಯಸ್ಸು ಬೇರೆ ಅಂತ ಇಟ್ಟುಕೊಂಡೇ ಕೆಲಸ ಶುರು ಮಾಡಬೇಕು. ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಶೆಡ್ಡಿನಲ್ಲಿ ಒಂದಿಡೀ ಶನಿವಾರ ಕೂತು ಇದನ್ನೇ ಮಾಡಿದೆ.

ನಾವಿರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. ಹುಲ್ಲು ಕತ್ತರಿಸುವ ಮಷೀನು ಮಾಡುತ್ತಿದ್ದ ಕ್ವಾಲ್‌ಕಾಸ್ಟ್ ಕಂಪನಿಯ ಊರು. ಹಾಗಾಗಿ ಇಲ್ಲಿ ಹಳೇ ಮನೆಗಳ ಶೆಡ್ಡಿನಲ್ಲಿ ಕೈಯಿಂದ ತಳ್ಳುವ ಕ್ವಾಲ್‌ಕಾಸ್ಟ್ ಸಿಕ್ಕರೆ ಯಾರಿಗೂ ಆಶ್ಚರ್ಯವಿಲ್ಲ. ಪಕ್ಕದ ಮನೆಯ ಅಜ್ಜಿ ಮನೆ ಮಾರಿ ಮಗಳ ಊರಿಗೆ ಹೋಗುವ ತಯಾರಿಯಲ್ಲಿದ್ದರು. ಬೇಲಿ ಆಚೆಯಿಂದ ಕರೆದು, "ಶೆಡ್ಡಿನಲ್ಲಿ ನನ್ನ ಮಾವನವರ ಮಷೀನಿದೆ, ಪಟ್ಟಾಭಿಷೇಕದ ವರ್ಷ ತಂದದ್ದು ಅಂತಿದ್ದರು, ಮೊಮ್ಮಗನಿಗೆ ಕೊಡುವ ಮೊದಲು ನಿಜವಾಗಿ ಯಾವ ವರ್ಷದ್ದು ಅಂತ ನೋಡಿ ಹೇಳುತ್ತೀರಾ" ಎಂದರು. ಯಾವ ಪಟ್ಟಾಭಿಷೇಕ ಅಂತ ಕೇಳಿದೆ. ಅದು ಅವರಿಗೂ ಗೊತ್ತಿರಲಿಲ್ಲ. ಆರನೇ ಜಾರ್ಜ್ ಪಟ್ಟಾಭಿಷೇಕ ಆದದ್ದು 1937ರಲ್ಲಿ, ಎಲಿಜಬೆತ್ ಅವರ ಪಟ್ಟಾಭಿಷೇಕ ಆದದ್ದು 1953ರಲ್ಲಿ. ನಡುವೆ ಒಂದು ಮಹಾಯುದ್ಧವೇ ಇದೆ.

ನನಗೆ ಈ ಮಷೀನುಗಳ ಮೇಲೆ ಪ್ರೀತಿ ಹುಟ್ಟಿದ್ದು ಮೈಸೂರಿನಲ್ಲೇ. ಕಾಲೇಜು ಮೈದಾನದಲ್ಲಿ ಕ್ರಿಕೆಟ್ ಪಿಚ್ ಸುತ್ತ ಒಬ್ಬ ಮಾಲಿ ಹಿಂದಿನಿಂದ ತಳ್ಳುತ್ತಾ, ಇನ್ನೊಬ್ಬ ಮುಂದೆ ಹಗ್ಗ ಹಿಡಿದು ಎಳೆಯುತ್ತಾ ಹೋಗುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಸಿಲಿಂಡರ್ ಮೋವರ್ ಕೆಲಸ ಮಾಡುವುದು ಕತ್ತರಿಯ ಹಾಗೆ. ತಿರುಚಿದ ಅಲಗುಗಳ ಉರುಳೆ ತಿರುಗುತ್ತಾ ಕೆಳಗಿನ ಅಲುಗಾಡದ ಪಟ್ಟಿಗೆ ಹುಲ್ಲನ್ನು ಒತ್ತಿ ಕತ್ತರಿಸುತ್ತದೆ. ಫ್ಯಾನಿನಂತೆ ತಿರುಗುವ ಈಗಿನ ರೋಟರಿ ಮಷೀನು ಹುಲ್ಲನ್ನು ಹೊಡೆದು ಹಾಕುತ್ತದೆ, ತುದಿ ಹರಿಯುತ್ತದೆ. ಪಿಚ್ ನೋಡಿಕೊಳ್ಳುವವರು ಇವತ್ತಿಗೂ ಸಿಲಿಂಡರನ್ನೇ ನಂಬುವುದು ಇದಕ್ಕೇ. ಈ ಉರುಳೆಯ ಯೋಚನೆ ಬಂದದ್ದು ಬಟ್ಟೆ ಮಿಲ್ಲಿನಿಂದ. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಹತ್ತಿರದ ಥ್ರಪ್ಪಿನಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರ ನೋಡಿ, ಅದನ್ನೇ ನೆಲದ ಮೇಲೆ ಓಡಿಸಿದರೆ ಹೇಗೆ ಅಂತ ಯೋಚಿಸಿದ. 1830ರಲ್ಲಿ ಪೇಟೆಂಟ್ ತೆಗೆದುಕೊಂಡ. ಇಪ್ಸ್‌ವಿಚ್ಚಿನ ರ‍್ಯಾನ್ಸಮ್ಸ್ ಕಂಪನಿ 1832ರಲ್ಲೇ ಅವನ ಪರವಾನಗಿ ಪಡೆದು ಮೋವರ್ ಮಾಡಲು ಶುರು ಮಾಡಿತು.

ಶೆಡ್ಡಿನಲ್ಲಿದ್ದದ್ದು ಆಟ್ಕೋ. ಪಕ್ಕದ ತಟ್ಟೆಯ ಮೇಲೆ ಹೆಸರಿತ್ತು. ಅಟ್ಲಾಸ್ ಚೈನ್ ಕಂಪನಿ ಎಂಬುದರ ಮೊಟಕು ಹೆಸರದು. ಬರ್ಮಿಂಗ್‌ಹ್ಯಾಮಿನ ಚಾರ್ಲ್ಸ್ ಎಚ್. ಪ್ಯೂ ಕಂಪನಿ 1921ರಲ್ಲಿ 22 ಇಂಚಿನ ಮೊದಲ ಆಟ್ಕೋ ತಂದಾಗ ಅದರ ಬೆಲೆ 75 ಪೌಂಡ್. ಅದಕ್ಕೂ ಮುಂಚೆ, 1902ರಲ್ಲೇ, ರ‍್ಯಾನ್ಸಮ್ಸ್ ಪೆಟ್ರೋಲ್ ಮೋವರ್ ತಂದಿತ್ತು. ಆದರೆ ಅಂಥವು ದೊಡ್ಡ ದೊಡ್ಡ ತೋಟಗಳಿಗೆ. ಮನೆ ಅಂಗಳಕ್ಕೆ ಎಂಜಿನ್ ಬಂದದ್ದು ಆಟ್ಕೋ ಥರದವುಗಳಿಂದ. ಇದು 16 ಇಂಚಿನದು. ಅಳತೆ ತೆಗೆಯುವುದು ಕೆಳಗಿನ ಪಟ್ಟಿಯ ಉದ್ದಕ್ಕೆ, ಹೊರಗಿನ ಅಗಲಕ್ಕಲ್ಲ.

ಅದರ ಮೇಲೆ ಕೂತಿದ್ದ ಎಂಜಿನ್ ಅಮೆರಿಕದ ಬ್ರಿಗ್ಸ್ ಅಂಡ್ ಸ್ಟ್ರಾಟನ್. ಇದರ ವಯಸ್ಸು ಹೇಳುವುದು ಬಹಳ ಸುಲಭ. ತಗಡಿನ ಹೊದಿಕೆಯ ಮೇಲೆ ಮಾಡೆಲ್, ಟೈಪ್, ಕೋಡ್ ಅಂತ ಮೂರು ನಂಬರು ಒತ್ತಿರುತ್ತಾರೆ. ಬಣ್ಣ, ಎಣ್ಣೆ ಜಿಡ್ಡು ಕಟ್ಟಿದ್ದರೆ ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ನೆರಳು ಬಿದ್ದು ಅಂಕೆಗಳು ಕಾಣುತ್ತವೆ. ವೈರ್ ಬ್ರಷ್ ಮಾತ್ರ ಬೇಡ, ಇದ್ದದ್ದೂ ಹೋಗುತ್ತದೆ. ಇಲ್ಲಿ ಕೋಡ್ 78041205 ಅಂತಿತ್ತು. ಮೊದಲ ಎರಡು ಅಂಕೆ ವರ್ಷ, ಆಮೇಲಿನ ಎರಡು ತಿಂಗಳು, ಆಮೇಲೆ ದಿನ. ಅಂದರೆ 1978ರ ಏಪ್ರಿಲ್ 12. ಮಾಡೆಲ್ ನಂಬರಿನ ಶುರುವಿನ ಅಂಕೆ 8. ಅದು ಎಂಜಿನ್ ಗಾತ್ರ, ಘನ ಇಂಚಿನಲ್ಲಿ. ನಮ್ಮ ಲೆಕ್ಕದಲ್ಲಿ 130 ಸಿಸಿ ಹತ್ತಿರ. ಅಜ್ಜಿಗೆ ಹೇಳಿದಾಗ, "ಹೌದು, ಮಗ ಸ್ಕೂಲಿಗೆ ಸೇರಿದ ಹೊತ್ತಿಗೆ ನನ್ನ ಗಂಡ ಎಂಜಿನ್ ಹಾಕಿಸಿದ್ದರು" ಎಂದರು. ತಯಾರಾದ ದಿನವೇ ಮಷೀನಿಗೆ ಕೂರಿಸಿದ ದಿನ ಅಲ್ಲ, ಅಂಗಡಿಯಲ್ಲಿ ಒಂದೆರಡು ವರ್ಷ ಇದ್ದಿರಲೂಬಹುದು. ಆದರೂ ಕಂಪನಿಯ ನಂಬರೂ ಮನೆಯವರ ನೆನಪೂ ಕೂಡಿ ಬಂದಾಗ ಆಗುವ ಖುಷಿಯೇ ಬೇರೆ.

ಆಮೇಲೆ ಪ್ಲಗ್ಗಿನ ವೈರು ಕಿತ್ತಿಟ್ಟೆ. ಅಲಗಿನ ಸಿಲಿಂಡರ್ ಹತ್ತಿರ ಕೈ ಹಾಕುವ ಮೊದಲು ಇದನ್ನು ಮಾಡಲೇಬೇಕು, ಹಳೇ ಎಂಜಿನ್ ಹೇಗೂ ಸ್ಟಾರ್ಟ್ ಆಗಲ್ಲ ಅಂತ ಬಿಡಬೇಡಿ. ಎಂಜಿನ್ ಬಿಚ್ಚಲು ನನ್ನ ಅಮೆರಿಕನ್ ಅಳತೆಯ ಪಾನಗಳು (ಸ್ಪ್ಯಾನರ್) ಸರಿಯಾಗಿ ಕೂತವು. ಅದೇ ಪಾನ ಚೌಕಟ್ಟಿನ ನಟ್ಟಿಗೆ ಹಾಕಿದರೆ ಒಂದು ಸಡಿಲ, ಇನ್ನೊಂದು ಹೋಗುವುದೇ ಇಲ್ಲ. ಅಲ್ಲಿ ಬೇಕಾದದ್ದು ಬ್ರಿಟಿಷ್ ವಿಟ್‌ವರ್ತ್ ಪಾನ. ಅದರ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ನಟ್ಟಿನ ಅಗಲವಲ್ಲ. ಎರಡು ದೇಶದ, ಎರಡು ಕಾಲದ ಲೋಹ ಒಂದರ ಮೇಲೊಂದು ಕೂತಿರುವುದನ್ನು ಕೈಯೇ ಹೇಳುತ್ತದೆ. ಎಂಜಿನ್ ಕೆಳಗೆ ಯಾರೋ ವರ್ಕ್‌ಶಾಪಿನಲ್ಲಿ ಕತ್ತರಿಸಿ ಹಾಕಿದ ದಪ್ಪ ಉಕ್ಕಿನ ತಟ್ಟೆ ಇತ್ತು. ಅದನ್ನೂ ಎತ್ತಿದಾಗ ಚೌಕಟ್ಟಿನಲ್ಲಿ ಬೇರೆ ಜಾಗದಲ್ಲಿ ನಾಲ್ಕು ತೂತು, ಪ್ರತಿ ತೂತಿನ ಸುತ್ತ ಹಳೇ ವಾಷರಿನ ದುಂಡನೆಯ ಗುರುತು. ಮೊದಲ ಎಂಜಿನ್ ಕೂತಿದ್ದ ಜಾಗ.

ಆ ಎಂಜಿನ್ ಯಾವುದು? ಉತ್ತರ ಸಿಕ್ಕಿದ್ದು ಶೆಡ್ಡಿನ ಮರದ ಟೂಲ್ ಬಾಕ್ಸಿನಲ್ಲಿ. ತಳದಲ್ಲಿ ಒಂದು ಗಿಡ್ಡ, ದಪ್ಪ ಪಾನ. ಮೇಲೆ ವಿಲಿಯರ್ಸ್ ಅಂತ ಒತ್ತಿದ ಅಕ್ಷರ. ಹಿಡಿಯ ತುದಿ ಸುತ್ತಿಗೆ ಏಟು ತಿಂದು ತಿಂದು ಚಪ್ಪಟೆಯಾಗಿತ್ತು. ವುಲ್ವರ್‌ಹ್ಯಾಂಪ್ಟನ್ನಿನ ವಿಲಿಯರ್ಸ್ ಎಂಜಿನ್‌ಗಳ ಫ್ಲೈವೀಲ್ ಮ್ಯಾಗ್ನೆಟೋ, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಚಕ್ರ, ಬಿಗಿಮಾಡುವುದೇ ಹಾಗೆ. ಪಾನ ಹಾಕಿ ಸುತ್ತಿಗೆಯಿಂದ ಹೊಡೆಯಬೇಕು. ಬಿಚ್ಚುವಾಗಲೂ ಅಷ್ಟೇ. ನಟ್ಟು ಮೊದಲು ಸಡಿಲವಾಗಿ, ಆಮೇಲೆ ಮತ್ತೆ ಬಿಗಿಯಾಗಿ, ಇನ್ನೂ ಹೊಡೆದರೆ ಫ್ಲೈವೀಲನ್ನು ತಾನೇ ಎಳೆದು ಹೊರಗೆ ತರುತ್ತದೆ. ಇದು ಬೇರೆ ಕೆಲಸಕ್ಕೆ ಬರುವ ಪಾನವಲ್ಲ. ಆಟ್ಕೋಗೂ ವಿಲಿಯರ್ಸ್ ಟು ಸ್ಟ್ರೋಕಿಗೂ ನಂಟು ಹಳೆಯದು. ಅಂದಮೇಲೆ ಈ ಚೌಕಟ್ಟಿನ ಮೇಲೆ ಇದ್ದದ್ದು ವಿಲಿಯರ್ಸ್ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಇನ್ನು ಚೌಕಟ್ಟಿನ ವಯಸ್ಸು. ಹಿತ್ತಾಳೆ ತಟ್ಟೆಯ ಮೇಲಿನ ಪೇಟೆಂಟ್ ನಂಬರು ಇಲ್ಲಿ ಕೆಲಸಕ್ಕೆ ಬಂತು. ಬ್ರಿಟನ್ನಿನಲ್ಲಿ 1916ಕ್ಕೆ ಮುಂಚೆ ಪ್ರತಿ ವರ್ಷ ಪೇಟೆಂಟ್ ನಂಬರು ಒಂದರಿಂದ ಶುರುವಾಗುತ್ತಿತ್ತು, ಆದ್ದರಿಂದ ನಂಬರಿನ ಜೊತೆ ವರ್ಷವೂ ಬೇಕಿತ್ತು. 1916ರಲ್ಲಿ 1,00,001ರಿಂದ ಒಂದೇ ಸಾಲು ಶುರು ಮಾಡಿದರು. ಮೂರು ಲಕ್ಷ ದಾಟಿದ್ದು 1928ರ ಕೊನೆಯ ಹೊತ್ತಿಗೆ, ಐದು ಲಕ್ಷ ಮುಟ್ಟಿದ್ದು 1939ರಲ್ಲಿ. ಈ ತಟ್ಟೆಯ ಮೇಲಿನ ದೊಡ್ಡ ನಂಬರಿನ ಕೊನೆಯ ಅಂಕೆಗಳು ಸವೆದಿದ್ದವು, ಆದರೆ ಆರಂಕಿ, ಶುರು ಆಗುವುದು 3ರಿಂದ. ಹಾಗಾದರೆ 1928ಕ್ಕಿಂತ ಹಿಂದಿನದಲ್ಲ. ಇಷ್ಟೇ ಅದು ಹೇಳುವುದು. ಒಂದೇ ಪೇಟೆಂಟ್ ನಂಬರನ್ನು ಕಂಪನಿಗಳು ವರ್ಷಗಟ್ಟಲೆ ಒತ್ತುತ್ತಲೇ ಇರುತ್ತವೆ, ಅದನ್ನೇ ಹುಟ್ಟಿದ ವರ್ಷ ಅಂದುಕೊಂಡು ಮಾರುವವರು ಬಹಳ ಮಂದಿ ಇದ್ದಾರೆ. ಕೊಳ್ಳುವವರು ಹುಷಾರಾಗಿರಬೇಕು.

ಕಂಪನಿಯ ಹೆಸರೂ ಇದೇ ಥರ ಗಡಿ ಹಾಕಿ ಕೊಡುತ್ತದೆ. ರ‍್ಯಾನ್ಸಮ್ಸ್ ಮಷೀನು ಸಿಕ್ಕವರು ಇದನ್ನು ನೋಡಲೇಬೇಕು. ಪಾಲುದಾರರು ಬದಲಾದಂತೆ ಹೆಸರು ಬದಲಾಗುತ್ತಾ ಹೋಯಿತು. 1869ರಿಂದ ರ‍್ಯಾನ್ಸಮ್ಸ್, ಸಿಮ್ಸ್ ಅಂಡ್ ಹೆಡ್. 1884ರಿಂದ ರ‍್ಯಾನ್ಸಮ್ಸ್, ಸಿಮ್ಸ್ ಅಂಡ್ ಜೆಫರೀಸ್. ಎರಕದಲ್ಲಿ ಹೆಡ್ ಅಂತಿದ್ದರೆ ಕೈಯಲ್ಲಿರುವುದು ಅಪರೂಪದ ವಸ್ತು.

1937ಕ್ಕೂ 1953ಕ್ಕೂ ತೀರ್ಮಾನ ಇನ್ನೂ ಬಾಕಿ ಇತ್ತಲ್ಲ, ಅದನ್ನು ಬಗೆಹರಿಸಿದ್ದು ಕಬ್ಬಿಣವಲ್ಲ, ಒಂದು ಬಿಲ್ಲು. ಅದೇ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಎಣ್ಣೆ ಹೀರಿ ಪಾರದರ್ಶಕವಾಗಿದ್ದ ಕಾಗದ. ಬೆಳಕಿಗೆ ಹಿಡಿದರೆ ಪೆನ್ಸಿಲ್ ಬರಹ ಕಂಡಿತು: 16 ಇಂಚಿನ ಆಟ್ಕೋ, ಸಿಲಿಂಡರ್ ಸಾಣೆ, ಹೊಸ ಕೆಳಪಟ್ಟಿ, ಫೆಬ್ರವರಿ 1946. ಇಲ್ಲಿ ಚಳಿಗಾಲದಲ್ಲೇ ಮೋವರ್ ಸಾಣೆಗೆ ಕೊಡುವುದು, ಹುಲ್ಲು ಬೆಳೆಯದ ತಿಂಗಳುಗಳು. 1946ರಲ್ಲಿ ಸಾಣೆ ಹಿಡಿದ ಮಷೀನು 1953ರಲ್ಲಿ ಕೊಂಡದ್ದಾಗಿರಲು ಸಾಧ್ಯವಿಲ್ಲ. ಮಾವನವರ ಮಾತು ನಿಜವಾಗಿದ್ದರೆ ಅದು 1937. ಅಜ್ಜಿ ಆ ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಬರಹ ಮಾವನವರದ್ದಲ್ಲ, ಅಂಗಡಿಯವರದ್ದು. ಆದರೂ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೇರೆಯೇ ಎತ್ತಿಟ್ಟರು.

ಸಂಜೆ ಒಂದು ಕಾರ್ಡಿನ ಮೇಲೆ ಎರಡು ಸಾಲು ಬರೆದು ಹ್ಯಾಂಡಲಿಗೆ ಕಟ್ಟಿದೆ. ಮಷೀನು: ಆಟ್ಕೋ, 16 ಇಂಚು, 1928ರ ನಂತರ, 1946ಕ್ಕೆ ಮೊದಲು, ಮನೆಯವರು ಹೇಳುವಂತೆ 1937. ಎಂಜಿನ್: ಬ್ರಿಗ್ಸ್, 12 ಏಪ್ರಿಲ್ 1978. ಮೊಮ್ಮಗ ಬಂದು ನೋಡಿ, ಹಸಿರು ಬಣ್ಣ ಹೊಡೆಸೋಣ್ವಾ ಅಂತ ಕೇಳಿದ. ಬೇಡವೇ ಬೇಡ ಅಂದೆ. ಉಳಿದಿರುವ ಹಳೇ ಬಣ್ಣ, ತಟ್ಟೆ, ಆ ನಾಲ್ಕು ತೂತು ಎಲ್ಲ ಸಾಕ್ಷಿಗಳು, ಸುಮ್ನೆ ಎಣ್ಣೆ ಒರೆಸಿದರೆ ಸಾಕು.

ಅವನೀಗ ಈ ಚೌಕಟ್ಟಿಗೆ ಹೊಂದುವ ವಿಲಿಯರ್ಸ್ ಹುಡುಕುತ್ತಿದ್ದಾನೆ, ನಾನೂ ಜೊತೆಗಿದ್ದೇನೆ. ವಿಲಿಯರ್ಸ್ ನಂಬರಿನ ಮುಂದೆ ಒಂದೆರಡು ಅಕ್ಷರ ಇಲ್ಲವೇ ಅಂಕೆಗಳ ಗುಂಪು ಇರುತ್ತದೆ. ಎಂಜಿನ್ ಯಾವ ಬಗೆಯದ್ದು ಅಂತ ತಿಳಿಯುವುದು ಅದರಿಂದಲೇ. ಇಂಗ್ಲೆಂಡಿನಲ್ಲಿರುವ ಕನ್ನಡದವರ ಯಾರ ಗ್ಯಾರೇಜಿನಲ್ಲಾದರೂ ಅಂಥದ್ದು ಬಿದ್ದಿದ್ದರೆ, ಮೊದಲು ಆ ಮುಂದಿನ ಗುಂಪನ್ನು ಓದಿ ಹೇಳಿ. ಆಮೇಲೆ ಕೆಳಗಿನ ನಾಲ್ಕು ತೂತುಗಳ ನಡುವಿನ ಅಂತರ ಅಳೆದು ಕಳಿಸಿ. ನಮ್ಮ ಅಳತೆ ಬರೆದಿಟ್ಟುಕೊಂಡಿದ್ದೇವೆ.